ಫೀ ತುಂಬುವುದು ತಪ್ಪಲ್ಲ

ಪತ್ರ: ನಾನು ನಿವೃತ್ತ ಶಿಕ್ಷಕಿ. ಮೊನ್ನೆ ಫೋನಿನಲ್ಲಿ ಮಗಳಿಗೆ "ಮೊಮ್ಮಗನ ಫೀ ನಾನ ತುಂಬತೀನಿ" ಎಂದೆ. ಬೆಂಗಳೂರಿನ ಅಳಿಯ ನಕ್ಕು, "ತುಂಬೋದು ನೀರು. ಫೀ ಕಟ್ಟಬೇಕು, ಖರ್ಚು ಭರಿಸಬೇಕು" ಎಂದರು. ಸುಮ್ಮನಾದೆ. ನಮ್ಮ 'ತುಂಬು' ಮರಾಠಿಯಿಂದ ಬಂದ ತಪ್ಪು ಬಳಕೆಯೇ?
– ಓದುಗರೊಬ್ಬರು, ಗದಗ

ಸಂಪಾದಕರ ಉತ್ತರ: ಅಕ್ಕೋರೆ, ತಪ್ಪಲ್ಲ. ನೀವು ಸುಮ್ಮನಾಗಿದ್ದು ಮಾತ್ರ ನನಗೆ ಬೇಸರ ತಂದಿದೆ.

'ಭರಿಸು' ಒಳ್ಳೆಯ ಪದವೇ. ಹೊರುವುದು, ತಾಳುವುದು ಅದರ ಅರ್ಥ. 'ಭಾರ' ಅದರ ಒಡಹುಟ್ಟು. "ರಿಪೇರಿ ವೆಚ್ಚವನ್ನು ಮಾಲೀಕರೇ ಭರಿಸತಕ್ಕದ್ದು" ಎಂದು ಕರಾರಿನಲ್ಲಿ ಬರೆದರೆ ಹೊಣೆ ಯಾರದ್ದೆಂದು ತಿಳಿಯುತ್ತದೆ. ಆದರೆ ಪಾಳಿಯಲ್ಲಿ ನಿಂತು, ನೋಟು ಎಣಿಸಿ ಕೊಟ್ಟು, ಪಾವತಿ, ಅಂದರೆ ರಸೀದಿ, ಕಿಸೆಗೆ ಹಾಕಿಕೊಂಡು ಬರುತ್ತೀವಲ್ಲ, ಆ ಕೆಲಸಕ್ಕೆ ನಮ್ಮ ಕಡೆ ಇರುವ ಮಾತು 'ತುಂಬು'.

ಮರಾಠಿಯ ನಂಟು ಇದ್ದೇ ಇದೆ. ಅಲ್ಲಿ ಬಿಲ್ 'ಭರಣೆ' ಅಂತಾರೆ, ಅಂದರೆ ತುಂಬುವುದು. ಧಾರವಾಡ ಸೀಮೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು, ಒಡನಾಟ ಇಲ್ಲದೆ ಇರುತ್ತಾ? ಆದರೆ ಅಳಿಯಂದಿರು ಒಂದು ಗಮನಿಸಲಿ. ಅವರ 'ಭರಿಸು', ಮರಾಠಿಯ 'ಭರಣೆ' ಎರಡೂ ಸಂಸ್ಕೃತದ 'ಭೃ' ಎಂಬ ಒಂದೇ ಬೇರಿನವು. 'ತುಂಬು' ಅಚ್ಚಗನ್ನಡ. ಅವರು ಭರಿಸುವ 'ಖರ್ಚು' ಕೂಡ ಪಾರಸಿಯಿಂದ ಬಂದದ್ದು. ಅದಕ್ಕೆ ಯಾರೂ ನಗುವುದಿಲ್ಲ.

ಇನ್ನೊಂದು ಮಾತು. ಬೆಂಗಳೂರಿನವರೂ "ನಷ್ಟ ತುಂಬಿಕೊಡಿ" ಎಂದೇ ಬರೆಯುತ್ತಾರೆ. ನಷ್ಟ ತುಂಬಬಹುದಾದರೆ ಫೀ ಯಾಕೆ ತುಂಬಬಾರದು? ಕೊಡಬೇಕಾದ ರೊಕ್ಕ ಒಂದು ತಗ್ಗು. ಕೊಟ್ಟ ಮೇಲೆ ಅದು ತುಂಬುತ್ತದೆ. ಇಷ್ಟು ಚೆಂದದ ಚಿತ್ರ 'ಪಾವತಿಸು' ಅನ್ನುವುದರಲ್ಲಿ ಎಲ್ಲಿದೆ?

ನಾಲ್ಕನೇ ಇಯತ್ತೆಯಲ್ಲಿ ಪ್ರಬಂಧಕ್ಕೆ "ಅಪ್ಪ ಲೈಟ್ ಬಿಲ್ ತುಂಬಿದರು" ಎಂದು ಬರೆದಿದ್ದೆ. ಮಾಸ್ತರರು 'ತುಂಬಿದರು' ಹೊಡೆದು ಹಾಕಿ, ಕೆಂಪು ಶಾಯಿಯಲ್ಲಿ 'ಪಾವತಿಸಿದರು' ಎಂದು ತಿದ್ದಿದರು. ಅದೇ ವಾರ ಅಪ್ಪನ ಜೊತೆ ಪಾಳಿಯಲ್ಲಿ ನಿಂತಿದ್ದೆ. ಮುಂದೆ ಅದೇ ಮಾಸ್ತರರು. ಹಿಂದೆ ತಿರುಗಿ, "ನೀವೂ ಬಿಲ್ ತುಂಬಾಕ ಬಂದೀರೇನ್ರಿ?" ಅಂದರು. ನಾನು ಅಪ್ಪನ ಮುಖ ನೋಡಿದೆ. ಬಾಯಲ್ಲಿ ಸರಿಯಿದ್ದ ಮಾತು ಹಾಳೆಯ ಮೇಲೆ ಹೇಗೆ ತಪ್ಪಾಯಿತು ಎಂದು ಆಗ ಕೇಳುವ ಧೈರ್ಯ ಇರಲಿಲ್ಲ. ಈಗ ಕೇಳುತ್ತಿದ್ದೇನೆ.

ಅಕ್ಕೋರೆ, ಆ ಕೆಂಪು ಪೆನ್ನು ನಿಮ್ಮ ಕೈಯಲ್ಲೂ ಇತ್ತು. ನಮ್ಮ ಇಯತ್ತೆ, ಪಗಾರ, ರೊಕ್ಕ ಎಲ್ಲವೂ ಹೀಗೇ ಒಂದೊಂದಾಗಿ ಹಾಳೆಯಿಂದ ಹೊರಬಿದ್ದವು. ಸಿನಿಮಾದಲ್ಲಿ ಇವು ಬರುವುದು ಜಾಸ್ತಿ ನಗಿಸುವ ಪಾತ್ರದ ಬಾಯಲ್ಲೇ. ಹುಬ್ಬಳ್ಳಿಯ ಮಕ್ಕಳೇ ಈಗ ಮೈಕ್ ಹಿಡಿದರೆ ಮನೆಯ ಮಾತು ಬಿಟ್ಟು ಬೇರೆ ಮಾತು ಆಡುತ್ತಾರೆ. ಇದು ಮನಸ್ಸಿಗೆ ನೋವಾಗುವ ಸಂಗತಿ ಅಲ್ವಾ?

ಮೊಮ್ಮಗ ರಜೆಗೆ ಬಂದಾಗ ಅವನನ್ನು ಕರೆದುಕೊಂಡು ಹೋಗಿ ಲೈಟ್ ಬಿಲ್ ತುಂಬಿ ಬನ್ನಿ. ರೊಕ್ಕ ಅವನ ಕೈಯಿಂದಲೇ ಕೊಡಿಸಿ.