ಬರೀ ವ್ಯಾಪಾರಿಗಳೇ?

ಓದುಗರೊಬ್ಬರು ಬರೆದಿದ್ದಾರೆ: ‘ಯುರೋಪನ್ನು ಬದಲಿಸಿದ್ದು ಕೊಪರ್ನಿಕಸ್, ಗೆಲಿಲಿಯೋ ಅಂಥ ಮೇಧಾವಿಗಳು. ಮುದ್ರಕರನ್ನು ನೀವು ಸುಮ್ನೆ ಹೊಗಳುತ್ತೀರಿ. ಅವರು ಬರೀ ವ್ಯಾಪಾರಿಗಳು.’

ಒಪ್ಪಿದೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದು ಯಾವ ಮುದ್ರಕನೂ ಅಲ್ಲ. ಆದರೆ ಆ ಲೆಕ್ಕ ಎಷ್ಟು ಕಾಲ ಮನೆಯಲ್ಲೇ ಮಲಗಿತ್ತು, ಗೊತ್ತಾ? 1514ರ ಹೊತ್ತಿಗೇ ಕೊಪರ್ನಿಕಸ್ ತನ್ನ ವಿಚಾರದ ಚಿಕ್ಕ ಕೈಬರಹವನ್ನು ಕೆಲವರಿಗೆ ಕೊಟ್ಟಿದ್ದ. ಪುಸ್ತಕ ಬಂದದ್ದು 1543ರಲ್ಲಿ.

ನಡುವಿನ ಕಥೆಯೇ ನನಗೆ ಇಷ್ಟ. 1539ರಲ್ಲಿ ರೆಟಿಕಸ್ ಎಂಬ 25ರ ಹರೆಯದ ಗಣಿತದ ಮೇಷ್ಟ್ರು ಬಾಲ್ಟಿಕ್ ದಡದ ಫ್ರಾವೆನ್‌ಬರ್ಗಿಗೆ ಅವನನ್ನು ಹುಡುಕಿಕೊಂಡು ಹೋದ. ಕೈಯಲ್ಲಿ ಉಡುಗೊರೆಯ ಪುಸ್ತಕಗಳು. ಅದರಲ್ಲಿ ಕೆಲವು ನ್ಯೂರೆಂಬರ್ಗಿನ ಪೆಟ್ರೇಯಸ್ ಅಚ್ಚು ಹಾಕಿದವು. ಮುದುಕನಿಗೆ ಆ ಮುದ್ರಕನ ಕೈಗುಣ ಕಂಡಿರಬೇಕು. ಕೊನೆಗೆ ಹಸ್ತಪ್ರತಿ ಹೋದದ್ದು ಅವನ ಅಚ್ಚಿನಮನೆಗೇ. ಪುಟ ಪುಟಕ್ಕೂ ಚಿತ್ರ, ಕೋಷ್ಟಕ. ಅರ್ಥವಾಗುವವರೇ ಕಡಿಮೆ, ಇನ್ನು ಕೊಳ್ಳುವವರೆಷ್ಟು? ಬರೀ ವ್ಯಾಪಾರಿ ಆಗಿದ್ದರೆ ಪಂಚಾಂಗ ಅಚ್ಚು ಹಾಕಿ ಹಾಯಾಗಿರುತ್ತಿದ್ದ, ಅಲ್ವಾ?

ಅಲ್ಲೇ ಒಂದು ಕಿತಾಪತಿಯೂ ನಡೆಯಿತು, ಮುಚ್ಚಿಡುವುದಿಲ್ಲ. ಅಚ್ಚಿನ ಕೆಲಸ ನೋಡಿಕೊಳ್ಳುತ್ತಿದ್ದ ಪಾದ್ರಿ ಒಸಿಯಾಂಡರ್, ‘ಇದು ಲೆಕ್ಕದ ಅನುಕೂಲಕ್ಕೆ ಮಾಡಿದ ಊಹೆ, ನಿಜವೇ ಆಗಬೇಕಿಲ್ಲ’ ಎಂಬರ್ಥದ ಮುನ್ನುಡಿಯನ್ನು ಹೆಸರು ಹಾಕದೆ ತುರುಕಿದ. ಕೊಪರ್ನಿಕಸ್ಸನ ಗೆಳೆಯ ಗೀಸೆ ಸಿಟ್ಟಾಗಿ ನ್ಯೂರೆಂಬರ್ಗಿನ ಆಡಳಿತಕ್ಕೆ ದೂರು ಕೊಟ್ಟ. ಬರೆದವನು ಯಾರೆಂದು 1609ರಲ್ಲಿ ಖಗೋಳಜ್ಞ ಕೆಪ್ಲರ್ ಬಯಲಿಗೆಳೆಯುವ ತನಕ ಬಹಳ ಮಂದಿ ಅದು ಕೊಪರ್ನಿಕಸ್ಸನದೇ ಎಂದುಕೊಂಡಿದ್ದರು. ರೋಮಿನ ಚರ್ಚು ಈ ಪುಸ್ತಕಕ್ಕೆ ತಡೆ ಹಾಕಿದ್ದು 1616ರಲ್ಲಿ. ಅಷ್ಟು ವರ್ಷ ಅದು ಓಡಾಡಿಕೊಂಡಿರಲು ಆ ಕಳ್ಳ ಮುನ್ನುಡಿಯೂ ಒಂದು ಕಾರಣ ಅಂತ ನನ್ನ ಗುಮಾನಿ.

ಇನ್ನು ಆಂಟ್‌ವರ್ಪಿನ ಮುದ್ರಕ ಪ್ಲಾಂಟಿನ್. 1568ರಿಂದ 1572ರವರೆಗೆ ಐದು ಭಾಷೆಗಳ ಬೈಬಲ್ ಅಚ್ಚು ಹಾಕಿದ ಸಾಹಸಿ. ಅವನ ಮಗಳು ಮಗ್ದಲೇನಾ ಇನ್ನೂ ಚಿಕ್ಕ ಹುಡುಗಿ. ಕರಡು ಹಾಳೆಗಳನ್ನು ಪಂಡಿತ ಮೊಂಟಾನೋ ಇದ್ದಲ್ಲಿಗೆ ಒಯ್ದು, ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂಲಗಳನ್ನು ಓದಿ ಹೇಳುತ್ತಿದ್ದಳಂತೆ. ಅಪ್ಪನೇ ಕಾಗದದಲ್ಲಿ ಬರೆದಿದ್ದಾನೆ. ನಿಮ್ಮ ಮೇಧಾವಿಗಳ ಪಟ್ಟಿಯಲ್ಲಿ ಈ ಹುಡುಗಿಗೆ ಜಾಗ ಇದೆಯಾ?

ನಮ್ಮಲ್ಲೂ ಅಷ್ಟೇ ಬಿಡಿ. ಪುಸ್ತಕ ಬಿಡುಗಡೆಯಲ್ಲಿ ಲೇಖಕರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅತಿಥಿಗಳಿಗೂ ಇನ್ನೊಂದು ಬುಟ್ಟಿ. ಕರಡು ತಿದ್ದಿದವರು ಹಿಂದಿನ ಸಾಲಿನಲ್ಲಿ, ಬಂದಿದ್ದರೆ. ತಪ್ಪು ಉಳಿದಾಗ ಮಾತ್ರ ಅವರ ನೆನಪು. ನಿಮ್ಮ ಕಾಗದದಲ್ಲೂ ಮೂರು ಕಾಗುಣಿತದ ತಪ್ಪುಗಳಿದ್ದವು. ಇಲ್ಲಿ ಕಾಣುತ್ತಿಲ್ಲ, ಗಮನಿಸಿದಿರಾ?