ಫ್ರಾಂಚೈಸಿ ವಕೀಲಿಕೆ ನಂಬಿ ಸ್ವಂತ ಆಫೀಸ್ ತೆರೆಯಬಹುದೇ?

ಪ್ರಶ್ನೆ: ದೊಡ್ಡ ಲಾ ಫರ್ಮ್ ಒಂದರಲ್ಲಿ ಕಂಪನಿಗಳ ಕರಾರು ಪತ್ರ ಬರೆಯುವ ಕೆಲಸದಲ್ಲಿದ್ದೇನೆ. ಬಿಟ್ಟು ಸ್ವಂತ ಆಫೀಸ್ ಮಾಡಿ, ಫ್ರಾಂಚೈಸಿ, ಅಂದರೆ ಬೇರೆಯವರ ಬ್ರ್ಯಾಂಡಿನ ಹೆಸರಿನಲ್ಲಿ ಅಂಗಡಿ ನಡೆಸುವ ವ್ಯವಹಾರದ ಕೇಸುಗಳನ್ನೇ ಹಿಡಿಯುವ ಆಸೆ. ಕೋರ್ಟಿನ ಅನುಭವ ಕಡಿಮೆ. ನಡೆಯುತ್ತಾ?

ಉತ್ತರ: ಖಂಡಿತ ನಡೆಯುತ್ತೆ. ಆದರೆ ಮೊದಲ ಕೆಲವು ವರ್ಷ ಫ್ರಾಂಚೈಸಿ ಒಂದರಿಂದಲೇ ಆಫೀಸ್ ಬಾಡಿಗೆ ಹುಟ್ಟೋದು ಕಷ್ಟ. ಫ್ರಾಂಚೈಸಿ ತೆಗೆದುಕೊಳ್ಳಲು ಬಂದವರಿಗೆ ಅಂಗಡಿಯ ಲೀಸ್, ಪಾಲುದಾರಿಕೆ ಪತ್ರ, ಬ್ಯಾಂಕ್ ಸಾಲದ ಕಾಗದ ಎಲ್ಲವೂ ಬೇಕಿರುತ್ತೆ, ಅದನ್ನೂ ನೀವೇ ಮಾಡಿಕೊಡಿ. ಕೋರ್ಟಿನ ಚಿಂತೆ ಬೇಡ. ಈ ಕೆಲಸದ ಮುಕ್ಕಾಲು ಪಾಲು ಸಹಿ ಬೀಳುವ ಮುಂಚೆಯೇ ಇರೋದು.

ಕರಾರನ್ನು ಕೊನೆಯಿಂದ ಓದೋದನ್ನು ರೂಢಿ ಮಾಡಿಕೊಳ್ಳಿ. ರಾಯಲ್ಟಿ, ಅಂದರೆ ಬ್ರ್ಯಾಂಡಿಗೆ ಆಗಾಗ ಕಟ್ಟುವ ಹಣ ಎಷ್ಟು ಅಂತ ಕಕ್ಷಿದಾರರೇ ಓದಿಕೊಂಡು ಬಂದಿರುತ್ತಾರೆ. ವ್ಯವಹಾರ ಮುರಿದರೆ ಏನಾಗುತ್ತೆ ಅನ್ನೋದನ್ನು ಯಾರೂ ಓದಿರೋದಿಲ್ಲ. ನನ್ನ ಹತ್ತಿರ ಬರುವ ಕಾಗದಗಳಲ್ಲಿ ಪದೇ ಪದೇ ಕಾಣೋದು ಇದು: ಫ್ರಾಂಚೈಸಿ ಕರಾರು 5 ವರ್ಷಕ್ಕೆ, ಅಂಗಡಿಯ ಲೀಸ್ 9 ವರ್ಷಕ್ಕೆ, ಲೀಸಿನ ಕೆಳಗೆ ವೈಯಕ್ತಿಕ ಜಾಮೀನಿನ ಸಹಿ. ಆರನೇ ವರ್ಷ ಬ್ರ್ಯಾಂಡ್ ಕೈಬಿಟ್ಟರೆ ಬೋರ್ಡ್ ಇಳಿಸಬೇಕು, ಬಾಡಿಗೆ ಮಾತ್ರ ಕಟ್ಟುತ್ತಲೇ ಇರಬೇಕು. ಎರಡೂ ಅವಧಿ ಹೊಂದಿಸೋದು ಒಂದು ಸಾಲಿನ ತಿದ್ದುಪಡಿ, ಅಷ್ಟೆ. ಅದರಿಂದ ಒಂದು ಮನೆಯ ಉಳಿತಾಯ ಉಳಿಯುತ್ತೆ.

ಕಾನೂನು ದೇಶಕ್ಕೊಂದು ಥರ. ಅಮೆರಿಕದಲ್ಲಿ ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ಫ್ರಾಂಚೈಸಿ ನಿಯಮ 1979ರಿಂದ ಇದೆ. ಈಗಿನ ನಿಯಮದಂತೆ ಬ್ರ್ಯಾಂಡಿನವರು 23 ಬಾಬುಗಳ ಮಾಹಿತಿ ಪತ್ರ ಕೊಟ್ಟು 14 ದಿನ ಕಳೆಯುವವರೆಗೆ ಸಹಿಯನ್ನಾಗಲಿ ದುಡ್ಡನ್ನಾಗಲಿ ತೆಗೆದುಕೊಳ್ಳುವಂತಿಲ್ಲ. ಅದರ 20ನೇ ಬಾಬಿನಲ್ಲಿ ಹಿಂದಿನ ವರ್ಷ ಬಿಟ್ಟುಹೋದವರ ಪಟ್ಟಿ ಇರುತ್ತೆ. ನಾನಾದರೆ ಮೊದಲು ಅವರಿಗೇ ಫೋನ್ ಮಾಡಿಸುತ್ತೇನೆ. ಭಾರತದಲ್ಲಿ ಫ್ರಾಂಚೈಸಿಗೆಂದೇ ಕಾಯ್ದೆ ಇಲ್ಲ, 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆಗಳಿಂದಲೇ ಕೆಲಸ ಸಾಗಬೇಕು. ಹಾಗಾಗಿ ಇಂಥ ಮಾಹಿತಿಯನ್ನು ವಕೀಲರೇ ಕೇಳಿ ಪಡೆಯಬೇಕು, ಕರಾರಿನಲ್ಲೂ ಬರೆಸಬೇಕು. ಕರಾರು ಕಾಯ್ದೆಯ 27ನೇ ಸೆಕ್ಷನ್ ಚೆನ್ನಾಗಿ ಓದಿಕೊಳ್ಳಿ, ವ್ಯಾಪಾರ ಮಾಡದಂತೆ ತಡೆಯುವ ಕರಾರುಗಳ ಬಗ್ಗೆ ಇರೋದು ಅದು. ಕರಾರು ಜಾರಿಯಲ್ಲಿರುವಾಗ ಪ್ರತಿಸ್ಪರ್ಧಿಯ ವ್ಯಾಪಾರ ಮಾಡಬಾರದು ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ 1995ರ ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಮುಗಿದ ಮೇಲಿನ ನಿರ್ಬಂಧದ ಕಥೆಯೇ ಬೇರೆ, ಅದು ಸಾಮಾನ್ಯವಾಗಿ ನಿಲ್ಲೋದಿಲ್ಲ.

ಪ್ರಶ್ನೆ: ಬ್ರ್ಯಾಂಡಿನವರ ಪರ ನಿಲ್ಲಲೋ, ಫ್ರಾಂಚೈಸಿ ತೆಗೆದುಕೊಳ್ಳುವವರ ಪರವೋ?

ಉತ್ತರ: ಬ್ರ್ಯಾಂಡಿನವರು ತಿಂಗಳು ತಿಂಗಳು ಕೆಲಸ ಕೊಡುತ್ತಾರೆ. ತೆಗೆದುಕೊಳ್ಳುವವರು ಒಂದೇ ಸಲ ಬರುತ್ತಾರೆ, ಅದೂ ಹೆಚ್ಚಿನವರು ಅಡ್ವಾನ್ಸ್ ಕೊಟ್ಟಾದ ಮೇಲೆ. ಎರಡೂ ಕಡೆಯ ಕೆಲಸ ಮಾಡಿ, ಆದರೆ ಒಂದೇ ಬ್ರ್ಯಾಂಡಿನ ಎರಡೂ ಕಡೆ ಬೇಡ. ಇಬ್ಬರು ವಕೀಲರ ಆಫೀಸಿನಲ್ಲಿ ಒಬ್ಬ ಕಕ್ಷಿದಾರರ ಗುಟ್ಟು ಇನ್ನೊಬ್ಬ ಕಕ್ಷಿದಾರರಿಗೆ ಗೊತ್ತಾಗದಂತೆ ಇಡೋಕೆ ಆಗಲ್ಲ ಅಲ್ವಾ? ಹೊಸಬರು ಫೋನ್ ಮಾಡಿದಾಗ ಕಥೆ ಕೇಳುವ ಮುಂಚೆ ಬ್ರ್ಯಾಂಡಿನ ಹೆಸರು ಕೇಳಿ. ನಿಮ್ಮ ಪಟ್ಟಿಯಲ್ಲಿ ಅದು ಇದ್ದರೆ ಅಲ್ಲಿಗೇ ನಿಲ್ಲಿಸಿ, ಬೇರೆ ವಕೀಲರ ನಂಬರ್ ಕೊಡಿ.