ಚಿತ್ರಗಳಿಂದ ಭಾರವಾದ ಕಡತ

ಪ್ರಶ್ನೆ: ನಮ್ಮೂರ ಶಾಲೆಯ ಸ್ಮರಣ ಸಂಚಿಕೆಯನ್ನು ಐವರು ಸೇರಿ ವರ್ಡ್‌ನಲ್ಲಿ ಸಿದ್ಧಪಡಿಸುತ್ತಿದ್ದೇವೆ. ಫೋಟೋಗಳನ್ನು ಕ್ರಾಪ್ ಮಾಡಿ ಕಿರಿದಾಗಿಸಿದರೂ ಕಡತ 180 ಎಂಬಿ ದಾಟಿದೆ, ಇಮೇಲ್‌ನಲ್ಲಿ ಹೋಗುತ್ತಿಲ್ಲ. ಏನು ಮಾಡಬೇಕು?

ಉತ್ತರ: ಕ್ರಾಪ್ ಮಾಡಿದ ಭಾಗ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು, ನೀವು ಅಳಿಸುವವರೆಗೂ ಕಡತದೊಳಗೇ ಉಳಿದಿರುತ್ತದೆ. 4 ಅಂಗುಲ ಅಗಲದ ಚಿತ್ರಕ್ಕೆ ಅಂಗುಲಕ್ಕೆ 220 ಪಿಕ್ಸೆಲ್‌ಗಳಂತೆ 880 ಪಿಕ್ಸೆಲ್ ಸಾಕಾಗುವಾಗ, ಮೊಬೈಲ್ ಫೋಟೋದ ಅಗಲವೇ ಸಾಮಾನ್ಯವಾಗಿ 4000 ಪಿಕ್ಸೆಲ್ ಆಸುಪಾಸಿನಲ್ಲಿರುತ್ತದೆ.

ಯಾವ ಚಿತ್ರ ಭಾರವೆಂದು ತಿಳಿಯಲು ಕಡತದ ಒಂದು ಪ್ರತಿ ಮಾಡಿಕೊಂಡು, ಅದರ ಹೆಸರಿನ ಕೊನೆಯ ‘ಡಾಕ್ಸ್‌ಎಕ್ಸ್’ (docx) ಅನ್ನು ‘ಜಿಪ್’ (zip) ಎಂದು ಬದಲಿಸಿ ತೆರೆಯಿರಿ. ‘ವರ್ಡ್’ ಫೋಲ್ಡರಿನೊಳಗಿನ ‘ಮೀಡಿಯಾ’ದಲ್ಲಿ ಎಲ್ಲ ಚಿತ್ರಗಳೂ ತಮ್ಮ ಗಾತ್ರದ ಸಮೇತ ಸಿಗುತ್ತವೆ. (ಅಪರಾಧಿಗಳು ಹೆಚ್ಚಾಗಿ ನಾಲ್ಕೈದೇ ಇರುತ್ತವೆ.)

ಬಳಿಕ ಮೂಲ ಕಡತದಲ್ಲಿ ಒಂದು ಚಿತ್ರವನ್ನು ಆಯ್ದು, ‘ಪಿಕ್ಚರ್ ಫಾರ್ಮ್ಯಾಟ್’ನಲ್ಲಿರುವ ‘ಕಂಪ್ರೆಸ್ ಪಿಕ್ಚರ್ಸ್’ ತೆರೆದು, ಈ ಚಿತ್ರಕ್ಕೆ ಮಾತ್ರ ಎಂಬ ಗುರುತನ್ನು ತೆಗೆದು, ಕ್ರಾಪ್ ಆದ ಭಾಗಗಳನ್ನು ಅಳಿಸುವ ಆಯ್ಕೆಯನ್ನು ಉಳಿಸಿಕೊಳ್ಳಿ. ಕರಡು ತಿದ್ದುವವರಿಗೆ 150 ಪಿಪಿಐ (ಅಂಗುಲಕ್ಕೆ 150 ಪಿಕ್ಸೆಲ್) ಧಾರಾಳವಾಯಿತು. ಕಡತವನ್ನು ಉಳಿಸಿ ಮುಚ್ಚಿದ ಮೇಲೆ ಕಳೆದ ಪಿಕ್ಸೆಲ್‌ಗಳು ಮರಳಿ ಬಾರವಾದ್ದರಿಂದ, ಮೂಲ ಫೋಟೋಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು ಮುದ್ರಣಾಲಯಕ್ಕೆ ಅವನ್ನೇ ಕೊಡಿ.

ನನ್ನನ್ನು ಕೇಳಿದರೆ, ಚಿತ್ರ ಸೇರಿಸುವ ಹೊಣೆ ಒಬ್ಬರದೇ ಆಗಿರಲಿ. ಉಳಿದ ನಾಲ್ವರು ‘ಚಿತ್ರ 12 ಇಲ್ಲಿ’ ಎಂದು ಬರೆದು ಮುಂದುವರಿಯಲಿ.